ಮರದಲ್ಲೊಬ್ಬ ರಾಕೆಟ್ ಸಿಪಾಯಿ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಎರಡು ತಿಂಗಳ ಹಿಂದೆ ಈ ಅಂಕಣದ ಜೊತೆ ನಾನು ಕೆತ್ತಿದ ಸಿಪಾಯಿಯ ಫೋಟೋ ಬಂದಿತ್ತು. ಟಿಪ್ಪುವಿನ ಕಾಲದ ಮೈಸೂರು ಸೈನ್ಯದವನು, ಕೈಯಲ್ಲಿ ಬಿದಿರಿಗೆ ಕಟ್ಟಿದ ರಾಕೆಟ್. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ, ಎತ್ತರ 28 ಸೆಂಟಿಮೀಟರ್. ಐದೂವರೆ ಅಡಿಯ ಮನುಷ್ಯನನ್ನು ಆರನೇ ಒಂದು ಪಾಲಿಗೆ ಇಳಿಸಿದರೆ ಅಷ್ಟು ಬರುತ್ತದೆ. ಅವನ ಬಗ್ಗೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಬಾಗಿಲು, ಬೀರು, ಗೆದ್ದಲಿನ ಪ್ರಶ್ನೆಗಳು ಮುಂದಿನ ತಿಂಗಳಿಗೆ. ಈ ಸಲ ಪೂರ್ತಿ ಸಿಪಾಯಿಗೇ ಬಿಟ್ಟಿದ್ದೇನೆ.

ಮೇಷ್ಟ್ರೇ, ಟಿಪ್ಪುವಿನ ಸಿಪಾಯಿಗಳ ಬಟ್ಟೆ ಹೀಗೇ ಇತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು? ನಾನು ನೋಡಿದ ಒಂದೊಂದು ಚಿತ್ರದಲ್ಲಿ ಒಂದೊಂದು ಬಣ್ಣ ಇದೆ.
*ಓದುಗರು, ದಾವಣಗೆರೆ*

ಒಳ್ಳೆಯ ಪ್ರಶ್ನೆಯಿಂದ ಶುರು ಮಾಡಿದ್ದೀರಿ. ಉಳಿ ಹಿಡಿಯುವ ಮುಂಚೆ ನಾನು ನಾಲ್ಕು ತಿಂಗಳು ಬರೀ ನೋಡಿದ್ದೇನೆ. ಆ ನಾಲ್ಕು ತಿಂಗಳೇ ಈ ಗೊಂಬೆಯ ಅರ್ಧ ಕೆಲಸ.

ನನಗೆ ಆಧಾರ ಆಗಿದ್ದು ಮೊದಲಿಗೆ ರಾಬರ್ಟ್ ಹೋಮ್ ಬರೆದ ಚಿತ್ರ. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೈಸೂರಿನ ಮೇಲೆ ದಂಡೆತ್ತಿ ಬಂದಾಗ, 1791-92ರಲ್ಲಿ, ಆ ಸೈನ್ಯದ ಜೊತೆಗೇ ಬಂದಿದ್ದ ಚಿತ್ರಕಾರ ಅವನು. ಮೈಸೂರಿನ ಒಬ್ಬ ಸಿಪಾಯಿ ರಾಕೆಟ್ಟಿನ ಬಿದಿರಿಗೇ ಬಾವುಟ ಕಟ್ಟಿಕೊಂಡು, ಅದನ್ನೇ ಧ್ವಜದ ಕಂಬದ ಹಾಗೆ ಹಿಡಿದು ನಿಂತಿರುವುದನ್ನು ಬರೆದಿದ್ದಾನೆ. ಶತ್ರುವಿನ ಕಡೆಯವನು ಬರೆದದ್ದು, ನಿಜ. ಆದರೂ ಆ ಸೈನ್ಯ ಇದ್ದ ಕಾಲದಲ್ಲೇ ಬರೆದವನು. ನಿಲುವು, ರುಮಾಲಿನ ಸುತ್ತು, ಬಿದಿರು ಹಿಡಿದ ರೀತಿ, ಇವೆಲ್ಲಕ್ಕೂ ನಾನು ಆ ಚಿತ್ರವನ್ನೇ ನಂಬಿದೆ.

ಬಣ್ಣಕ್ಕೆ ನೆರವಾದದ್ದು 1799ರ ಯುದ್ಧದ ಕಾಲದ ಇಂಗ್ಲಿಷರ ಬರಹ. ಕಾಲಾಳುಗಳ ಅಂಗಿ ನೇರಳೆ ಬಣ್ಣದ್ದು, ಅದರ ಮೇಲೆ ಬಿಳಿಯ ವಜ್ರದ ಆಕಾರದ ಗುರುತುಗಳು, ತಲೆಗೆ ಕೆಂಪು ಮಸ್ಲಿನ್ ರುಮಾಲು, ನಡುವಿಗೆ ಅದೇ ಕೆಂಪಿನ ಪಟ್ಟಿ, ಕಾಲು ಬರಿದು, ಬರೀ ಚಪ್ಪಲಿ, ಚರ್ಮದ ಸಾಮಾನು ಕಪ್ಪು. ಹೀಗೆ ಬರೆದಿಟ್ಟಿದ್ದಾರೆ. ಆ ಗುರುತಿಗೇ ಬಬ್ರಿ ಅನ್ನುವುದು, ಹುಲಿಪಟ್ಟೆ.

ಇನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ಮೇಲೆ, ಮೈಸೂರಿನವರು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಕದನ ಇದೆ. ಸಾಲು ಸಾಲು ಸಿಪಾಯಿಗಳು, ಆನೆ, ಪಲ್ಲಕ್ಕಿಯಲ್ಲಿ ಇಂಗ್ಲಿಷರ ಕರ್ನಲ್ ಬೈಲಿ. ನಾನು ಏಳು ಸಲ ಹೋಗಿದ್ದೇನೆ. ಆದರೆ ಅಲ್ಲಿಯ ಬಣ್ಣವನ್ನು ಹಾಗೇ ಎತ್ತಿಕೊಳ್ಳಬೇಡಿ. ಆ ಗೋಡೆಗಳನ್ನು ಆಮೇಲೆ ಒಂದಕ್ಕಿಂತ ಜಾಸ್ತಿ ಸಲ ಮತ್ತೆ ಬರೆದಿದ್ದಾರೆ. ಗುಂಪು ಹೇಗೆ ನಿಲ್ಲುತ್ತದೆ, ಬಂದೂಕು ಯಾವ ಭುಜಕ್ಕೆ ಬರುತ್ತದೆ ಅಂತ ನೋಡಿಕೊಳ್ಳಿ, ಸಾಕು.

ರಾಕೆಟ್ಟಿನ ಕೊಳವೆಗೆ ತುಕ್ಕಿನ ಬಣ್ಣ ಹಚ್ಚಿದರೆ ಹಳೆಯದರ ಹಾಗೆ ಕಾಣುತ್ತದೆ ಅಲ್ವಾ? ನೀವು ಯಾಕೆ ಕಪ್ಪು ಹಚ್ಚಿದಿರಿ?
*ಓದುಗರು, ತೀರ್ಥಹಳ್ಳಿ*

ನಿಮ್ಮ ಪಕ್ಕದ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರಲ್ಲ, ಅವನ್ನು ನೋಡಿ ಕೇಳುತ್ತಿದ್ದೀರಿ ಅನ್ನಿಸುತ್ತದೆ. ಅವು ತುಕ್ಕು ಹಿಡಿದಿರುವುದು ಎರಡು ಶತಮಾನ ಕೆಸರಿನಲ್ಲಿ ಇದ್ದದ್ದಕ್ಕೆ. ನನ್ನ ಸಿಪಾಯಿ ಹಿಡಿದಿರುವುದು ಇವತ್ತು ಸಿಕ್ಕಿದ ರಾಕೆಟ್ ಅಲ್ಲ, ಅವನು ಇವತ್ತು ಸಂಜೆ ಹಾರಿಸಬೇಕಾದ ರಾಕೆಟ್. ಮದ್ದು ತುಂಬಿದ ಕೊಳವೆಗೆ ಯಾರೂ ತುಕ್ಕು ಹಿಡಿಯೋಕೆ ಬಿಡುವುದಿಲ್ಲ.

ಯುರೋಪಿನಲ್ಲಿ ಆಗ ರಾಕೆಟ್ಟಿಗೆ ಕಾಗದ, ರಟ್ಟಿನ ಕೊಳವೆ. ಮೈಸೂರಿನವರದು ಕಬ್ಬಿಣ. ಅದಕ್ಕೇ ಒಳಗಿನ ಒತ್ತಡ ತಡೆದುಕೊಂಡು ಅಷ್ಟು ದೂರ ಹೋಗುತ್ತಿತ್ತು. ಆ ಕಬ್ಬಿಣ ಕಬ್ಬಿಣದ ಹಾಗೇ ಕಾಣಬೇಕು. ಕಪ್ಪಿಗೆ ಸ್ವಲ್ಪ ಕಂದು ಬೆರೆಸಿ ಹಚ್ಚಿ. ಒಣಗಿದ ಮೇಲೆ 2ಬಿ ಪೆನ್ಸಿಲಿನ ಪುಡಿಯನ್ನು ಬೆರಳಲ್ಲಿ ತಗೊಂಡು ಅಂಚಿಗೆ ತಿಕ್ಕಿ. ಕಮ್ಮಾರನ ಸುತ್ತಿಗೆ ಈಗ ತಾನೇ ಬಿಟ್ಟ ಹಾಗಿರುತ್ತದೆ. ಬಿದಿರಿಗೆ ಬಣ್ಣ ಬೇಡ, ನಿಜವಾದ ಬಿದಿರಿನ ಸೀಳನ್ನೇ ಹಾಕಿ. ಕಟ್ಟಿದ ಪಟ್ಟಿಗೆ ಹಳೇ ಪರ್ಸಿನ ತೆಳು ಚರ್ಮ.

ಮನೆ ಕಟ್ಟಿದಾಗ ಉಳಿದ ತೇಗದ ತುಂಡುಗಳಿವೆ. ಅದರಲ್ಲಿ ಕೆತ್ತಬಹುದಾ?
*ಓದುಗರು, ಹಾಸನ*

ಕೆತ್ತಬಹುದು, ಆದರೆ ಮುಖದ ಹತ್ತಿರ ಬಂದಾಗ ಬೇಜಾರಾಗುತ್ತದೆ. ತೇಗದ ರಂಧ್ರಗಳು ದೊಡ್ಡವು. ಐದು ಮಿಲಿಮೀಟರಿನ ಕಣ್ಣಿನ ಮಧ್ಯೆ ಒಂದು ರಂಧ್ರ ಬಂದರೆ ಏನು ಮಾಡ್ತೀರಿ? ನನಗೆ ಆಲೆ ಮರವೇ ಇಷ್ಟ. ಚನ್ನಪಟ್ಟಣದ ಗೊಂಬೆಯವರು ಬಳಸುವುದು ಅದೇ. ದಂತದ ಹಾಗೆ ಬಿಳಿ, ಎಳೆ ಸಣ್ಣ, ಉಳಿಗೆ ಬೆಣ್ಣೆ. ಅದು ಸಿಗದಿದ್ದರೆ ಶಿವನಿ ಮರ. ಶ್ರೀಗಂಧ ಬೇಡ. ಗಂಧದ ಮೇಲೆ ಬಣ್ಣ ಹಚ್ಚೋಕೆ ನನಗಂತೂ ಮನಸ್ಸು ಬರುವುದಿಲ್ಲ.

ಮರ ಯಾವುದು ಅನ್ನುವುದಕ್ಕಿಂತ ಒಣಗಿದೆಯಾ ಅನ್ನುವುದು ಮುಖ್ಯ. ನನ್ನ ಮೊದಲ ಸಿಪಾಯಿ ಇವನಲ್ಲ. ಅವನನ್ನು ಕೆತ್ತೋಕೆ ಐದು ತಿಂಗಳು ಹಿಡಿದಿತ್ತು. ಮರ ಮಾರಿದವರು ಒಣಗಿದ್ದೇ ಅಂದರು, ನಾನೂ ಕೈಯಲ್ಲಿ ತಟ್ಟಿ ನೋಡಿ ಹೂಂ ಅಂದೆ. ಫೌಂಡ್ರಿಯಲ್ಲಿ 31 ವರ್ಷ ಎರಕದ ಅಚ್ಚಿಗೆ ಮರದ ಪ್ಯಾಟರ್ನ್ ಮಾಡಿದವನು, ಅವತ್ತು ತೂಕ ಮಾಡಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದ ಒಂದು ಮಧ್ಯಾಹ್ನ ಶೋಕೇಸಿನ ಒಳಗಿಂದ ಚಟ್ ಅಂತ ಶಬ್ದ ಬಂತು. ಬಲಗಿವಿಯಿಂದ ಸೊಂಟದ ತನಕ ಬಿರುಕು. ತುಂಡಿನ ನಡುವೆ ಮರದ ತಿರುಳು ಉಳಿದುಬಿಟ್ಟಿತ್ತು. ಸುತ್ತಲಿನ ಮರ ಕುಗ್ಗುವಾಗ ಬಿರುಕು ಬಿಡುವುದು ತಿರುಳಿನಿಂದಲೇ. ಆ ಸಂಜೆ ಮನೆಯಲ್ಲಿ ಯಾರ ಜೊತೆಯೂ ಮಾತಾಡೋಕೆ ಆಗಲಿಲ್ಲ ನನಗೆ.

ಈಗ ಹೀಗೆ ಮಾಡುತ್ತೇನೆ. ದಿಮ್ಮಿಯನ್ನು ತಿರುಳು ಬಿಟ್ಟು ಸೀಳಿಸುತ್ತೇನೆ. ಎರಡೂ ತುದಿಗೆ ಮೇಣ ಬಳಿದು, ಗಾಳಿ ಆಡುವ ನೆರಳಿನಲ್ಲಿ ಇಡುತ್ತೇನೆ. ಪ್ರತಿ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಸತತ ಆರು ವಾರ ತೂಕ ಇಳಿಯದಿದ್ದರೆ ಆಗ ಉಳಿ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅಂತ ಹಳಬರ ಲೆಕ್ಕ. ಮಳೆಗಾಲದಲ್ಲಿ ಕಡಿದ ಆಲೆಯನ್ನು ತಗೋಬೇಡಿ, ಬೂಷ್ಟು ಹಿಡಿದು ಬೂದು ಕಲೆ ಒಳಗೆ ಇಳಿದಿರುತ್ತದೆ.

ಚನ್ನಪಟ್ಟಣದ ಗೊಂಬೆಯ ಅರಗಿನ ಬಣ್ಣವನ್ನೇ ಸಿಪಾಯಿಗೆ ಹಚ್ಚಬಹುದಾ? ಆ ಹೊಳಪು ತುಂಬ ಚೆನ್ನಾಗಿರುತ್ತದೆ.
*ಓದುಗರು, ಮದ್ದೂರು*

ಆಗುವುದಿಲ್ಲ. ಅಲ್ಲಿ ಮರ ಚರಕಿಯಲ್ಲಿ ಗಿರ್ರಂತ ತಿರುಗುತ್ತಿರುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆ ಗರಿಯಲ್ಲಿ ಒತ್ತಿ ಹೊಳಪು ತರುತ್ತಾರೆ. ಮೂಗು, ಮೊಣಕೈ ಇರುವ ಗೊಂಬೆಯನ್ನು ಹಾಗೆ ತಿರುಗಿಸೋಕೆ ಆಗುತ್ತಾ? ಆದರೆ ಅದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಣ್ಣದ ಕೆಳಗೆ ಒಂದು ತೆಳು ಕೈ ಕೊಡಿ. ಮರ ಬಣ್ಣ ಹೀರುವುದು ನಿಲ್ಲುತ್ತದೆ.

ಎರಡು ಸಲ ಕೆತ್ತಿದೆ. ಎರಡು ಸಲವೂ ಹರಡಿನ ಹತ್ತಿರ ಕಾಲು ಮುರಿಯಿತು. ಮತ್ತೆ ನನ್ನ ಸಿಪಾಯಿ ನಿಂತಿದ್ದರೂ ಬೀಳುವವನ ಹಾಗೆ ಕಾಣುತ್ತಾನೆ.
*ಓದುಗರು, ಶಿರಸಿ*

ಕಾಲು ಮುರಿಯುವುದು ಎಳೆ ಅಡ್ಡ ಬಂದಿದ್ದಕ್ಕೆ. ಎಳೆ ತಲೆಯಿಂದ ಪಾದಕ್ಕೆ ನೇರ ಇಳಿಯಬೇಕು. ಚಾಚಿದ ಕೈಯನ್ನು ಅದೇ ತುಂಡಿನಲ್ಲಿ ಕೆತ್ತುವ ಆಸೆ ಬೇಡ. ಬೇರೆ ತುಂಡಿನಲ್ಲಿ, ಕೈಯುದ್ದಕ್ಕೂ ಎಳೆ ಬರುವ ಹಾಗೆ ಕೆತ್ತಿ, ತೋಳಿನ ಮಡಿಕೆಯ ಕೆಳಗೆ ಗೂಟ ಇಟ್ಟು ಕೂಡಿಸಿ. ಕಾಲುಗಳ ನಡುವಿನ ಮರವನ್ನು ಕೊನೆಯವರೆಗೂ ತೆಗೆಯಬೇಡಿ. ಮುಖ, ಅಂಗಿ ಎಲ್ಲಾ ಮುಗಿದ ಮೇಲೆ ಅದನ್ನು ಬಿಡಿಸಿ.

ಬೀಳುವ ಹಾಗೆ ಕಾಣುವುದು ಬೇರೆ ವಿಷಯ. ನೀವು ಕಳಿಸಿದ ಫೋಟೋದ ಮೇಲೆ ಗಾರೆಯವರು ತೂಗುಗುಂಡು ಬಿಡುವ ಹಾಗೆ ಒಂದು ಗೆರೆ ಎಳೆದೆ. ಕುತ್ತಿಗೆಯ ಗುಳಿಯಿಂದ ಎಳೆದ ಗೆರೆ ಎರಡೂ ಪಾದದ ಆಚೆ ಬಿತ್ತು. ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತವನಿಗೆ ಆ ಗೆರೆ ಅದೇ ಪಾದದ ಮೇಲೆ ಬರಬೇಕು. ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ. ಅಂಗಿಯ ಮಡಿಕೆಗಳೆಲ್ಲ ಆ ಇಳಿದ ಭುಜ, ಏರಿದ ಸೊಂಟದ ನಡುವೆ ಒತ್ತಾಗಿ ಬರುತ್ತವೆ. ಕನ್ನಡಿ ಮುಂದೆ ಒಂದು ಬಿದಿರು ಹಿಡಿದು ನೀವೇ ಹತ್ತು ನಿಮಿಷ ನಿಂತು ನೋಡಿ. ಸುಮ್ನೆ ಅಲ್ಲ, ಕಾಲು ನೋಯುವ ತನಕ. ಆ ನೋವು ಎಲ್ಲಿ ಬರುತ್ತದೋ ಅಲ್ಲೇ ಭಾರ ಇದೆ.

ನನ್ನ ಸಿಪಾಯಿಯ ಮುಖ ದಸರಾ ಗೊಂಬೆಯ ಮುಖದ ಹಾಗೆ ಆಗುತ್ತದೆ. ಕಣ್ಣು ಬಿಟ್ಟುಕೊಂಡು ದಿಟ್ಟಿಸುತ್ತಾನೆ. ಮನುಷ್ಯನ ಮುಖ ಮಾಡುವುದು ಹೇಗೆ?
*ಓದುಗರು (ಗೃಹಿಣಿ, ಮೂರು ವರ್ಷದಿಂದ ಕೆತ್ತುತ್ತಿದ್ದೇನೆ), ಧಾರವಾಡ*

ತಾಯಿ, ನೀವು ಕಳಿಸಿದ ಕುದುರೆಯ ಫೋಟೋ ನೋಡಿದೆ. ಆ ಕುದುರೆಯ ಕಿವಿ ಕೆತ್ತಿದ ಕೈಗೆ ಮನುಷ್ಯನ ಮುಖವೂ ಬರುತ್ತದೆ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಅಳತೆಯಲ್ಲಿ ತಲೆ ಸುಮಾರು 37 ಮಿಲಿಮೀಟರ್ ಎತ್ತರ. ಕಣ್ಣಿನ ಗೆರೆ ಅದರ ಸರಿಯಾಗಿ ಅರ್ಧಕ್ಕೆ. ಕಲಿಯುವವರೆಲ್ಲ ಅದನ್ನು ಮೇಲೆ ಇಡುತ್ತಾರೆ, ಹಣೆ ಚಿಕ್ಕದಾಗಿ ಮುಖ ಕೋತಿಯ ಹಾಗಾಗುತ್ತದೆ. ರುಮಾಲು ಇರುವಾಗ ಇನ್ನೂ ಮೋಸ ಆಗುತ್ತದೆ, ಯಾಕೆಂದರೆ ತಲೆ ಎಲ್ಲಿ ಮುಗಿಯುತ್ತದೆ ಅಂತ ಕಾಣುವುದಿಲ್ಲ. ಅದಕ್ಕೆ ಮೊದಲು ಬೋಳು ತಲೆ ಕಾಗದದ ಮೇಲೆ ಬರೆದು, ಅದರ ಮೇಲೆ ರುಮಾಲು ಸುತ್ತಿ.

ಮರದಲ್ಲಿ ಮುಖವನ್ನು ಚಪ್ಪಟೆ ಕಡೆ ಇಡಬೇಡಿ. ತುಂಡಿನ ಮೂಲೆಗೆ ಮೂಗು ಬರಲಿ. ಆಗ ಕೆನ್ನೆ ತಾನಾಗೇ ಹಿಂದಕ್ಕೆ ಸರಿಯುತ್ತದೆ. ಮೂಗಿನ ಎರಡು ಪಕ್ಕ ಅರ್ಧಚಂದ್ರದ ಉಳಿಯಲ್ಲಿ ಎರಡು ಗುಳಿ ತೋಡಿ. ಆ ಗುಳಿಯೊಳಗೆ ಕಣ್ಣನ್ನು ಬರೆಯಬೇಡಿ ಇನ್ನೂ. ಮೆಣಸಿನ ಕಾಳಿನಷ್ಟು ಉಬ್ಬು ಉಳಿಸಿ, ಅದನ್ನು ಎಲ್ಲಾ ಕಡೆಯಿಂದ ದುಂಡಗೆ ಮಾಡಿ. ಈ ಉಬ್ಬು ಸರಿಯಾಗದೆ ರೆಪ್ಪೆ ಎಷ್ಟು ಚೆನ್ನಾಗಿ ಕೆತ್ತಿದರೂ ಕಣ್ಣು ಗೋಡೆಗೆ ಅಂಟಿಸಿದ ಹಾಗೇ ಇರುತ್ತದೆ. ಆಮೇಲೆ ಚಾಕುವಿನ ತುದಿಯಲ್ಲಿ ಮೇಲಿನ ರೆಪ್ಪೆಯ ಗೆರೆ ಕೊಯ್ದು, ಅದರ ಕೆಳಗಿನ ಮರವನ್ನು ಕೂದಲೆಳೆಯಷ್ಟು ಇಳಿಸಿ. ರೆಪ್ಪೆ ಕಣ್ಣಿನ ಗುಡ್ಡೆಯ ಮೇಲೆ ಚಾಚಿರಬೇಕು, ಅದರ ನೆರಳು ಕೆಳಗೆ ಬೀಳಬೇಕು. ಪಾಪೆ ಕೆತ್ತಬೇಡಿ, ಅದು ಕುಂಚಕ್ಕೆ ಇರಲಿ.

ದಿಟ್ಟಿಸುವ ಕಾಯಿಲೆಗೆ ಕಾರಣ ಬಣ್ಣ. ಕರಿ ಪಾಪೆಯ ಸುತ್ತಲೂ ಬಿಳಿ ಕಂಡರೆ ಗಾಬರಿಯಾದವನ ಮುಖ. ಪಾಪೆಯ ಮೇಲಿನ ಅಂಚು ರೆಪ್ಪೆಯೊಳಗೆ ಮರೆಯಾಗಬೇಕು, ಕೆಳಗೂ ಸ್ವಲ್ಪ ತಾಗಬೇಕು. ಬಿಳಿಯೂ ಅಚ್ಚ ಬಿಳಿ ಬೇಡ, ಮಜ್ಜಿಗೆಯ ಬಣ್ಣ. ಅದಕ್ಕಿಂತ ಮುಖ್ಯ, ಅವನು ಎಲ್ಲಿ ನಿಂತಿದ್ದಾನೆ? ಶ್ರೀರಂಗಪಟ್ಟಣದ ಬಿಸಿಲಿನಲ್ಲಿ. ಬಿಸಿಲಲ್ಲಿ ಯಾರ ಕಣ್ಣೂ ಪೂರ್ತಿ ತೆರೆದಿರುವುದಿಲ್ಲ. ಕೆಳಗಿನ ರೆಪ್ಪೆ ಮೇಲೆ ಬರುತ್ತದೆ, ಕೆನ್ನೆ ಉಬ್ಬುತ್ತದೆ, ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದಾಗುತ್ತದೆ.

ನನಗೆ ಈ ಮುಖ ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲೇ. ದರಿಯಾ ದೌಲತ್ ನೋಡಿ ವಾಪಸ್ ಬರುವಾಗ ಕಬ್ಬಿನ ಹಾಲಿನ ಗಾಡಿಯವನ ಹತ್ತಿರ ನಿಂತೆ. ನಲವತ್ತರ ಆಸುಪಾಸು. ತಲೆಗೆ ಟವೆಲ್ ಸುತ್ತಿದ್ದ. ಕಬ್ಬು ಗಾಣಕ್ಕೆ ಕೊಡುತ್ತಾ ರಸ್ತೆಯ ಕಡೆ ನೋಡುತ್ತಿದ್ದ, ಬಲಗಣ್ಣು ಸ್ವಲ್ಪ ಮುಚ್ಚಿ. ಕೆಳದುಟಿ ಒಣಗಿ ಒಂದು ಸೀಳು. ಎರಡು ಲೋಟ ಕುಡಿದೆ, ಎರಡನೆಯದು ಮುಖ ನೋಡುವುದಕ್ಕೇ. ಇವನ ಮುತ್ತಜ್ಜನ ಮುತ್ತಜ್ಜ ಆ ಕೋಟೆಯ ಗೋಡೆಯ ಮೇಲೆ ನಿಂತಿದ್ದರೂ ನಿಂತಿರಬಹುದು ಅನ್ನಿಸಿತು. ಮನೆಗೆ ಬಂದು ಆ ರಾತ್ರಿಯೇ ಸೀಮೆಸುಣ್ಣದ ಕಡ್ಡಿಯ ಮೇಲೆ ಆ ಕಣ್ಣು ಕೆತ್ತಿ ನೋಡಿದೆ. ನೀವೂ ಮರಕ್ಕೆ ಹೋಗುವ ಮುಂಚೆ ಸೀಮೆಸುಣ್ಣದ ಮೇಲೆ ಹತ್ತು ಕಣ್ಣು ಮಾಡಿ. ಧಾರವಾಡದ ಮಾರ್ಕೆಟ್ಟಿನಲ್ಲಿ ಮುಖಗಳಿಗೆ ಏನು ಬರ, ಅಲ್ವಾ?

ಬಬ್ರಿ ಬರೆಯುವಾಗ ಸಾಲು ಸೊಟ್ಟಗಾಗುತ್ತದೆ. ನೇರಳೆ ಬಣ್ಣವೂ ಪ್ಲಾಸ್ಟಿಕ್ ಬಿಂದಿಗೆಯ ಬಣ್ಣದ ಹಾಗೆ ಕಾಣುತ್ತದೆ.
*ಓದುಗರು, ಉಡುಪಿ*

ಟ್ಯೂಬಿನಲ್ಲಿ ಸಿಗುವ ನೇರಳೆ ಬೇಡ. ಅಲ್ಟ್ರಾಮರೀನ್ ನೀಲಿ ಎರಡು ಪಾಲು, ಕ್ರಿಮ್ಸನ್ ಕೆಂಪು ಒಂದು ಪಾಲು, ಅದಕ್ಕೆ ಅಕ್ಕಿಕಾಳಿನಷ್ಟು ಬರ್ಂಟ್ ಅಂಬರ್. ಈ ಕಂದು ಸೇರಿದಾಗಲೇ ಅದು ಹಿಂಡಿ ಒಣಗಿಸಿದ ಬಟ್ಟೆಯ ಬಣ್ಣ ಆಗುವುದು. ಅಕ್ರಿಲಿಕ್ಕಿಗೆ ಹಾಲಿನಷ್ಟು ತೆಳುವಾಗಿ ನೀರು ಬೆರೆಸಿ ನಾಲ್ಕೈದು ಕೈ ಹಚ್ಚಿ. ಒಂದೇ ಸಲ ದಪ್ಪ ಹಚ್ಚಿದರೆ ನೀವು ಮೂರು ವಾರ ಕೆತ್ತಿದ ಮಡಿಕೆ ಮುಚ್ಚಿಹೋಗುತ್ತದೆ. ಉಬ್ಬಿಗೆ ಬೆಳಕು ಕೊಡುವಾಗ ಬಿಳಿ ಬೆರೆಸಬೇಡಿ. ಚರ್ಮದ ಬಣ್ಣ ಬೆರೆಸಿ. ಬಿಳಿ ಬೆರೆತ ನೇರಳೆ ಮಕ್ಕಳ ಬಟ್ಟೆಯ ಹಾಗೆ ಕಾಣುತ್ತದೆ.

ಬಬ್ರಿಯ ಸಾಲು ಸೊಟ್ಟ ಆಗಲೇಬೇಕು, ಎಲ್ಲಿ ಬಟ್ಟೆ ಸೊಟ್ಟ ಆಗಿದೆಯೋ ಅಲ್ಲಿ! ನೀವು ಗೋಡೆಗೆ ಟೈಲ್ಸ್ ಹಾಕಿದ ಹಾಗೆ ನೇರ ಬರೆದಿದ್ದೀರಿ, ಅದಕ್ಕೇ ಮಡಿಕೆಯ ಹತ್ತಿರ ತಪ್ಪು ಅನ್ನಿಸುತ್ತಿದೆ. ಮಡಿಕೆ ಒಳಗೆ ಹೋದಲ್ಲಿ ಗುರುತು ಅರ್ಧ ಕಾಣಬೇಕು, ಹೊಲಿಗೆಯ ಹತ್ತಿರ ಸಾಲು ಕಡಿದು ಬೇರೆ ಕಡೆಯಿಂದ ಶುರುವಾಗಬೇಕು, ತೋಳಿನ ಸಾಲು ತೋಳಿನ ದಿಕ್ಕಿಗೆ ಹೋಗಬೇಕು. ನಾನು ಒಂದು ಹಳೇ ನೇರಳೆ ಬ್ಲೌಸ್ ಪೀಸಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೈಗೆ ಸುತ್ತಿ, ಮೊಣಕೈ ಮಡಿಸಿ ನೋಡಿಕೊಂಡೆ. ಆಮೇಲೆ ತೆಳು ಪೆನ್ಸಿಲಿನಲ್ಲಿ ಸಾಲು ಎಳೆದು, 4 ಮಿಲಿಮೀಟರಿನ ಒಂದೊಂದು ಗುರುತನ್ನೂ ಎರಡು ಎಳೆತದಲ್ಲಿ ಬರೆದೆ. ಒಟ್ಟು 312. ಹನ್ನೊಂದು ಸಂಜೆ ಹಿಡಿಯಿತು. ಅದಕ್ಕೆ ಕೂದಲೆಳೆ ಕುಂಚ ಬೇಡ. ಒಂದನೇ ನಂಬರಿನ ಒಳ್ಳೆ ಕುಂಚ ಇರಲಿ, ತುದಿ ಚೂಪಿದ್ದರೆ ಸಾಕು, ಹೊಟ್ಟೆಯಲ್ಲಿ ಬಣ್ಣ ಜಾಸ್ತಿ ಹಿಡಿಯುತ್ತದೆ. ಕೊನೆಗೆ ಬಟ್ಟೆಗೆ ಹೊಳಪಿಲ್ಲದ ವಾರ್ನಿಷ್, ಚರ್ಮಕ್ಕೆ ಸ್ವಲ್ಪ ಹೊಳಪು. ಎಲ್ಲಕ್ಕೂ ಒಂದೇ ಹೊಳಪು ಕೊಟ್ಟರೆ ಅಂಗಿ, ಚರ್ಮ, ಕಬ್ಬಿಣ ಎಲ್ಲಾ ಒಂದೇ ವಸ್ತುವಿನ ಹಾಗೆ ಕಾಣುತ್ತದೆ.

ಗುಂಡಿ, ಪಟ್ಟಿಯ ಬಕಲ್ ಅಷ್ಟು ಸಣ್ಣದನ್ನು ಮರದಲ್ಲೇ ಉಳಿಸಬೇಕಾ?
*ಓದುಗರು, ಗದಗ*

ಬೇಡ. ನಿಮ್ಮ ಪಕ್ಕದ ಕೊಪ್ಪಳದ ಕಿನ್ನಾಳದವರನ್ನು ನೋಡಿ. ಅವರು ಒಡವೆಗಳನ್ನು ಕೆತ್ತುವುದಿಲ್ಲ. ಕಲ್ಲಿನ ಪುಡಿ, ಅಂಟು ಕಲಸಿ ಮೈಮೇಲೆ ಉಬ್ಬಾಗಿ ಕೂರಿಸುತ್ತಾರೆ. ತುಂಡುಗಳನ್ನು ಕೂಡಿಸುವುದಕ್ಕೂ ಹುಣಸೆ ಬೀಜದ ಅಂಟೇ. ನಾನು ನನ್ನ ಸಿಪಾಯಿಯ ಬಕಲನ್ನು ಹಾಗೇ ಮಾಡಿದೆ, ಬೆಂಕಿಕಡ್ಡಿಯ ತುದಿಯಲ್ಲಿ ತಗೊಂಡು ಹನಿ ಹನಿಯಾಗಿ ಇಟ್ಟು. ಬಣ್ಣಕ್ಕೆ ಮುಂಚೆ ಎರಡು ದಿನ ಒಣಗಲಿ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಹುಲಿ ನೋಡಿದೆ. ಅದರ ಕೆಳಗೆ ಬಿದ್ದಿರುವ ಬಿಳಿಯನೂ ಮರದವನೇ. ನಿಮ್ಮ ನೆನಪಾಯಿತು.
*ಓದುಗರು, ಲಂಡನ್ (ಮೂಲ ತುಮಕೂರು)*

ನೀವು ನನ್ನ ಪರವಾಗಿ ನೋಡಿದ ಹಾಗಾಯಿತು. ನನ್ನ ಪ್ರಕಾರ ನಮ್ಮ ಕೆಲಸಕ್ಕೆ ಅವನೇ ಹಿರಿಯಣ್ಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಹಡಗು ಹತ್ತಿದವನು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಛಾವಣಿ ಕುಸಿದಾಗ ಹುಲಿಯೂ ಅವನೂ ಚೂರುಚೂರಾದರು. ತುಂಡು ತುಂಡು ಸೇರಿಸಿ ಕೂಡಿಸಿದ್ದಾರೆ. ನಾನು ಫೋಟೋ ಹಿಗ್ಗಿಸಿ ನೋಡಿದ್ದು ಅವನ ಕೆಂಪು ಕೋಟು. ಅದರ ಮೇಲೆ ಹೂವಿನ ಚಿತ್ತಾರ ಇದೆ, ಗಮನಿಸಿದಿರಾ? ಯಾವ ಇಂಗ್ಲಿಷ್ ದರ್ಜಿ ಹಾಗೆ ಹೊಲಿಯುತ್ತಾನೆ? ಬಣ್ಣ ಹಚ್ಚಿದವನ ಕೈ ಅದು. ಇನ್ನೊಮ್ಮೆ ಹೋದರೆ ಅವನ ಕಣ್ಣಿನ ಉಬ್ಬನ್ನು ಪಕ್ಕದಿಂದ ಒಂದು ಫೋಟೋ ತೆಗೆದು ಕಳಿಸುತ್ತೀರಾ?

ನನಗೆ 71 ವರ್ಷ. ಕೈ ಸ್ವಲ್ಪ ನಡುಗುತ್ತದೆ. ಈಗ ಶುರು ಮಾಡಬಹುದಾ?
*ಓದುಗರು, ಮೈಸೂರು*

ಮಾಡಿ ಸಾರ್. ಮರವನ್ನು ಕೈಯಲ್ಲಿ ಹಿಡಿಯಬೇಡಿ, ಬೈಸಿಗೆ, ಅಂದರೆ ಮೇಜಿಗೆ ಬಿಗಿದ ಇಕ್ಕಳಕ್ಕೆ, ಕಟ್ಟಿ. ಎರಡೂ ಕೈ ಉಳಿಯ ಹಿಂದೆ ಇರಲಿ, ಎರಡೂ ಮೊಣಕೈ ಮೇಜಿಗೆ ಊರಿರಲಿ. ಉಳಿ ದಿನಾ ಸಾಣೆ ಕಂಡಿರಬೇಕು. ಮೊಂಡು ಉಳಿಗೆ ಬಲ ಜಾಸ್ತಿ ಬೇಕು, ಕೈ ನಡುಗುವುದೂ ಜಾಸ್ತಿ ಆಗುತ್ತದೆ. ಎಡಗೈಗೆ ಚರ್ಮದ ಗ್ಲೌಸ್ ಇಲ್ಲದೆ ಕೂರಬೇಡಿ, ಅದೊಂದು ಮಾತು ಕೊಡಿ.

ಪೂರ್ತಿ ಸಿಪಾಯಿ ಬೇಡ, ತಲೆ ಒಂದೇ ಕೆತ್ತಿ. ನಮ್ಮ ಅಳತೆಗಿಂತ ಎರಡರಷ್ಟು ದೊಡ್ಡದು ಮಾಡಿ. ರುಮಾಲಿನಿಂದ ಶುರು ಮಾಡಿ. ಅದರ ಸುತ್ತುಗಳು ಅಗಲ, ಉದ್ದ. ಉಳಿ ಒಂದು ಕೂದಲೆಳೆ ಆಚೀಚೆ ಹೋದರೂ ಅಲ್ಲೊಂದು ಮಡಿಕೆ ಮಾಡಿಕೊಳ್ಳಬಹುದು. ಮೈಸೂರಿನಲ್ಲೇ ಇದ್ದೀರಿ, ಶ್ರೀರಂಗಪಟ್ಟಣಕ್ಕೆ ಬಸ್ಸಿದೆ. ಬೆಳಿಗ್ಗೆ ಹೊತ್ತು ಹೋಗಿ, ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮುಂದೆ ನಿಂತು ಸಿಪಾಯಿಗಳ ರುಮಾಲು ನೋಡಿ, ಯಾವ ಸುತ್ತು ಯಾವುದರ ಮೇಲೆ ಹೋಗಿದೆ ಅಂತ ಪುಸ್ತಕದಲ್ಲಿ ಗೀಚಿಕೊಳ್ಳಿ. ಆ ಗೀಚಿದ ಹಾಳೆಯ ಫೋಟೋ ನನಗೆ ಕಳಿಸಿ. ಅಷ್ಟರಲ್ಲಿ ನನ್ನ ಹತ್ತಿರ ಒಣಗಿರುವ ಒಂದು ಆಲೆ ತುಂಡನ್ನು ನಿಮಗೆ ಅಂತ ತೆಗೆದಿಟ್ಟಿರುತ್ತೇನೆ. ಹೋದ ಭಾನುವಾರಕ್ಕೆ ಅದು ಏಳನೇ ವಾರ, ತೂಕ ಇಳಿದಿಲ್ಲ.